ಐದನೆಯ ಹೆಬ್ಬೆಟ್ಟು

"ಎಲ್ಲಿ ನೋಡ್ತಿದ್ದೀಯೋ ಬೋಳಿಮಗನೇ, ಸರಪಳಿ ಬಿಗಿಯಾಗಿ ಹಿಡಿ. ನಿಮ್ಮಪ್ಪನ ಲಂಗೋಟಿ ಅಲ್ಲ ಅದು, ಸಡಿಲ ಬಿಡೋಕೆ."

ಅಳತೆ ಸಾಹೇಬನ ಬೈಗುಳ ಗುಡ್ಡದ ಆಚೆ ಬದಿಗೆ ಹೋಗಿ ಬಂಡೆಗೆ ಬಡಿದು, ದಾರಿಯಲ್ಲಿ ಎರಡು ಮೇಕೆಗಳನ್ನು ಬೆದರಿಸಿ, ಮರಳಿ ಬಂದು ಮಾರುದ್ದನ ಕಿವಿಯನ್ನು ಇನ್ನೊಮ್ಮೆ ಹೊಕ್ಕಿತು. ಒಂದೇ ಬೈಗುಳವನ್ನು ಎರಡೆರಡು ಸಲ ಕೇಳುವ ಭಾಗ್ಯ ಗುಡ್ಡದ ಮೇಲೆ ದುಡಿಯುವವರಿಗೆ ಮಾತ್ರ ಉಂಟು. ಸಾಹೇಬ ಕೊಡೆಯ ನೆರಳಿನಲ್ಲಿ ಮಡಚುಕುರ್ಚಿ ಹಾಕಿಕೊಂಡು ಕೂತಿದ್ದ. ಆ ವಾರದಲ್ಲಿ ಅವನು ಎದ್ದು ನಿಂತದ್ದನ್ನು ಕಂಡವರಿಲ್ಲ. ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಕೂತೇ ಸವೆಸಿದ ಆ ಕುಂಡಿಗೆ ಬೇರೆಯಾಗಿ ಪಿಂಚಣಿ ಕೊಡಬೇಕು ಎಂದು ಗುಡ್ಡದ ಬುಡದ ಸಾಲುಮನೆಯಲ್ಲಿರುವ ಇಲಾಖೆಯ ಆಳುಗಳು ಆಡಿಕೊಳ್ಳುತ್ತಿದ್ದರು.

ಮಾರುದ್ದ ಎನ್ನುವುದು ಅಡ್ಡಹೆಸರು. ಆಳು ಮೂರು ಮೊಳ, ನಾಲಿಗೆ ಮಾರುದ್ದ. ಸರಪಳಿ ಎಳೆಯುವುದು, ಮೂಲೆ ಮೂಲೆಗೆ ಗೂಟ ಹೊಡೆಯುವುದು ಅವನ ಕೆಲಸ. ಈ ಭೂಮಿಯನ್ನು ಸೃಷ್ಟಿಸಿದವನಿಗೂ ಅದರ ಉದ್ದಗಲ ಸರಿಯಾಗಿ ಗೊತ್ತಿಲ್ಲ, ತನಗೆ ಗೊತ್ತು ಎನ್ನುವುದು ಅವನ ನಂಬಿಕೆ. ಅವನು ನೆಟ್ಟ ಗೂಟವನ್ನು ಕೀಳಲು ಹೋದ ಎತ್ತಿನ ಕೊಂಬೇ ಕಿತ್ತು ಬಂದಿತ್ತು ಎಂಬ ಕಥೆಯನ್ನು ಅವನೇ ಹೇಳಿಕೊಂಡು ತಿರುಗಿದ್ದ. ಅದು ಅರ್ಧ ನಿಜ. ಎತ್ತು ಇದ್ದದ್ದು ನಿಜ.

ಸಾಹೇಬ ಮತ್ತೆ ಗದರಿದ. ಈ ಸಲ ಮಾರುದ್ದನಿಗಲ್ಲ.

"ಏಯ್ ಮುದುಕಿ, ಗೆರೆ ಮೇಲೆ ನಿಂತಿದ್ದೀಯ. ಜರುಗು."

ಗುಡ್ಡದ ಅಜ್ಜಿ ಎರಡು ಕೈಯಲ್ಲಿ ಎರಡು ಡಬ್ಬಿ ನೀರು ಹಿಡಿದು ಒರತೆಯ ಕಡೆಯಿಂದ ಬರುತ್ತಿದ್ದಳು. ಗುಡ್ಡದವರು ಆ ಗುಡ್ಡದಲ್ಲಿ ಯಾವಾಗಿನಿಂದ ಇದ್ದಾರೆಂದು ಕೇಳಿದರೆ ಗುಡ್ಡಕ್ಕೇ ನೆನಪಿಲ್ಲ. ಅಜ್ಜಿ ನಿಂತಳು. ಡಬ್ಬಿ ಕೆಳಗಿಡಲಿಲ್ಲ.

"ಗೆರೆ ಈಗ ಬಂತು ಸಾಹೇಬ. ನಾನು ಮೊದಲೇ ಇದ್ದೆ."

"ಮಾತು ನೋಡು ಮುಂಡೇದು. ಲೇ ಮಾರುದ್ದ, ಯಂತ್ರದ ಕಣ್ಣಿಗೆ ಗಿಡ ಅಡ್ಡ ಬಂದ್ರೆ ಏನು ಮಾಡ್ತೀವಿ?"

"ಸವರ್ತೀವಿ ಸಾರ್."

"ಹಾಗೇ ಸವರು ಇವಳನ್ನ. ಆ ನೀರು ಇಲ್ಲಿ ತಾ. ಕಾಲೆಲ್ಲ ಧೂಳಾಗಿದೆ."

ಮಾರುದ್ದ ಅಜ್ಜಿಯ ಕೈಯಿಂದ ಡಬ್ಬಿ ತೆಗೆದುಕೊಂಡ. ಅಜ್ಜಿ ಬಿಡಲೂ ಇಲ್ಲ, ಎಳೆದಾಡಲೂ ಇಲ್ಲ. ಬೆರಳುಗಳನ್ನು ಒಂದೊಂದಾಗಿ ಅವನೇ ಬಿಡಿಸಬೇಕಾಯಿತು. ಅರ್ಧ ಹರದಾರಿ ಹೊತ್ತು ಬಂದ ನೀರು ಸಾಹೇಬನ ಹತ್ತು ಬೆರಳುಗಳ ಸಂದಿಯಲ್ಲಿ ಹರಿದು ಹೋಯಿತು. ಸಾಹೇಬ ಕಾಲನ್ನು ಹಿಂದೆ ಮುಂದೆ ತಿರುಗಿಸಿ, "ಹಿಮ್ಮಡಿ, ಹಿಮ್ಮಡಿ" ಎಂದ. ಮಾರುದ್ದ ಬಗ್ಗಿ ಹಿಮ್ಮಡಿ ತಿಕ್ಕಿದ. ತಲೆ ಎತ್ತಿದಾಗ ಅಜ್ಜಿ ಅವನನ್ನೇ ನೋಡುತ್ತಿದ್ದಳು. ಸಾಹೇಬನನ್ನಲ್ಲ.

ಆ ಒಂದು ನೋಟಕ್ಕೆ ಅವನಿಗೆ ಮೈಯೆಲ್ಲ ಉರಿ ಹತ್ತಿಕೊಂಡಿತು. ಏನಾದರೂ ಮಾಡಬೇಕು, ಅದೂ ಜಗತ್ತು ನೆನಪಿಡುವಂಥದ್ದು. ಸಾಹೇಬ ಕೂತಲ್ಲೇ ಕಣ್ಣು ಮುಚ್ಚಿದ್ದ. ಕಡೆಯ ಗೂಟ ಒರತೆಯ ಆಚೆ ದಂಡೆಗೆ ಬೀಳಬೇಕಿತ್ತು. ಮಾರುದ್ದ ಸರಪಳಿಯನ್ನು ಬಂಡೆಯ ಹಿಂದೆ ಮಡಚಿ ಸುತ್ತಿಸಿ, ಗೂಟವನ್ನು ನಲವತ್ತು ಹೆಜ್ಜೆ ಈಚೆಗೆ, ಒರತೆ ಗೆರೆಯಿಂದ ಹೊರಗೆ ಉಳಿಯುವ ಹಾಗೆ, ಹೊಡೆದುಬಿಟ್ಟ. ಸಾಹೇಬರ ಗೆರೆಯೊಳಗೆ ಬಿದ್ದದ್ದು ಸಾಹೇಬರ ಪಾಲು, ಹೊರಗುಳಿದದ್ದು ಬಚಾವು. ಹದಿನೆಂಟು ವರ್ಷದ ಸರಪಳಿಯಲ್ಲಿ ಅವನು ಕಂಡದ್ದು ಅಷ್ಟೇ. ಮನೆಗಳನ್ನಂತೂ ಉಳಿಸಲಾಗಲಿಲ್ಲ, ನೀರನ್ನಾದರೂ ಉಳಿಸಿದೆ ಎಂದು ಎದೆಯುಬ್ಬಿಸಿಕೊಂಡು ಗುಡ್ಡ ಇಳಿದ. ಆ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಎರಡು ಗುಂಡಿ ದಾರಿಯಲ್ಲೇ ಹಾರಿ ಹೋದವು.

ರಜೆಯ ದಿನ ಬೆಳಿಗ್ಗೆಯೇ ಮಾರುದ್ದ ಗುಡ್ಡ ಹತ್ತಿದ. ಒಳ್ಳೆಯ ಕೆಲಸ ಮಾಡಿ ಹೇಳಿಕೊಳ್ಳದೆ ಇರುವುದು ಅವನ ಮಟ್ಟಿಗೆ ಉಚ್ಚೆ ತಡೆದುಕೊಂಡು ಕೂತ ಹಾಗೆ.

ಅಜ್ಜಿಯ ಮಗಳು ಗುಡ್ಡಕ್ಕೂ ಪೇಟೆಗೂ ಸಾಮಾನಿನ ವ್ಯಾನು ಓಡಿಸುತ್ತಿದ್ದಳು. ಎಲ್ಲರೂ ಅವಳನ್ನು ಡ್ರೈವರಕ್ಕ ಎನ್ನುತ್ತಿದ್ದರು. ಅಂದು ಅವಳು ವ್ಯಾನಿನ ಕೆಳಗೆ ಮಲಗಿ ಆಯಿಲ್ ಬದಲಿಸುತ್ತಿದ್ದಳು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಮಾರುದ್ದ ಆ ಕಾಲುಗಳಿಗೇ ತನ್ನ ಸಾಹಸವನ್ನೆಲ್ಲ ಒಪ್ಪಿಸಿದ. ನಲವತ್ತು ಹೆಜ್ಜೆ ಹೇಳುತ್ತ ಹೇಳುತ್ತ ನಾನೂರಾಯಿತು. ನಿದ್ದೆಯಲ್ಲಿದ್ದ ಸಾಹೇಬ ಕಣ್ಣು ಕೆಂಪು ಮಾಡಿಕೊಂಡು ಕೋವಿ ಹಿಡಿದು ನಿಂತ.

"ಒಟ್ಟಿನಲ್ಲಿ ನಿಮ್ಮ ಒರತೆ ಉಳಿಸಿಬಿಟ್ಟೆ ಅಕ್ಕಾ."

ಕಾಲುಗಳು ಅಲುಗಾಡುವುದನ್ನು ನಿಲ್ಲಿಸಿದವು. ಡ್ರೈವರಕ್ಕ ಹೊರಗೆ ಜಾರಿ ಬಂದಳು. ಮೊಣಕೈವರೆಗೆ ಕಪ್ಪು ಎಣ್ಣೆ.

"ಆ ಗೂಟ ಹೊಡೆದಿದ್ದು ನೀನಾ?"

"ನಾನೇ. ನನ್ನ ಬಿಟ್ಟು ಇನ್ಯಾರಿಗಿದೆ ಅಷ್ಟು ಗುಂಡಿಗೆ?"

ಅವಳು ವ್ಯಾನಿನ ಬಾಗಿಲು ತೆಗೆದು, ಸ್ಟೇರಿಂಗ್ ಮುಂದಿನ ಡಬ್ಬಿಯಿಂದ ಒಂದು ನಕ್ಷೆ ತೆಗೆದು ಬಾನೆಟ್ ಮೇಲೆ ಹರಡಿದಳು. ಕಚೇರಿಯ ಗೋಡೆಗೆ ಅಂಟಿಸಿದ್ದರ ನಕಲು.

"ಓದೋಕೆ ಬರುತ್ತಾ?"

"ಗೆರೆ ಓದ್ತೀನಿ. ಅಕ್ಷರ ಅಷ್ಟಕ್ಕಷ್ಟೆ."

"ಹಾಗಾದ್ರೆ ಗೆರೆ ನೋಡು. ಈ ಗೆರೆ ಒಳಗಿರೋದು ನಮಗೆ ಬಿಡೋ ಜಾಗ. ಮನೆ, ನೀರು ಎರಡೂ ನಮಗೇ ಬಿಡಬೇಕು ಅಂತ ನಮ್ಮವರು ಮೂವತ್ತೊಂದು ವರ್ಷ ಅಲೆದು ಆರ್ಡರ್ ತಂದಿದ್ರು. ಹೊರಗಿರೋದೆಲ್ಲ ಖಾಲಿ ಜಾಗ, ಗುಡ್ಡ ಕೇಳ್ತಿರೋ ಕಂಪನಿಗೆ. ಒರತೆ ಈಗ ಎಲ್ಲಿದೆ?"

ಮಾರುದ್ದನ ಬೆರಳು ನಕ್ಷೆಯ ಮೇಲೆ ಹೊರಟು, ಗೆರೆಯ ಹತ್ತಿರ ಬಂದು, ಅಲ್ಲೇ ನಿಂತಿತು. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಅವನ ಬಾಯಿಂದ ಮಾತು ಹೊರಡಲಿಲ್ಲ. ಗುಡ್ಡದ ಹಕ್ಕಿಗಳೆಲ್ಲ ಅನುಮಾನದಿಂದ ಕತ್ತು ಹೊರಳಿಸಿ ನೋಡಿದವು.

"ಸಾಹೇಬನಿಗೆ ಆರ್ಡರ್ ಮುರಿಯೋ ಧೈರ್ಯ ಇರಲಿಲ್ಲ. ನೀನು ಮಾಡಿಕೊಟ್ಟೆ. ಮಾರನೇ ದಿನ ಬಂದು ಗೂಟ ನೋಡಿ ಬಾಯಿ ಕಿವಿವರೆಗೆ ಹಿಗ್ಗಿಸಿಕೊಂಡು ಹೋದ, ಸುವ್ವರ್."

"ನಾನು ಒಳ್ಳೇ ಮನಸ್ಸಿಂದ ಮಾಡಿದ್ದು ಅಕ್ಕಾ..."

"ಗೂಟಕ್ಕೆ ಮನಸ್ಸು ಗೊತ್ತಾಗುತ್ತಾ? ಈ ಗುಡ್ಡದಲ್ಲಿ ಏನು ನೆಡಬೇಕು, ಏನು ಕೀಳಬೇಕು ಅನ್ನೋದು ನಮ್ಮ ಕೂಟದಲ್ಲಿ ಕೂತು ತೀರ್ಮಾನ ಮಾಡ್ತೀವಿ. ಸಾಹೇಬನೂ ನಮ್ಮನ್ನ ಕೇಳಲಿಲ್ಲ, ನೀನೂ ಕೇಳಲಿಲ್ಲ. ಅವನು ಕುರ್ಚಿಯಲ್ಲಿ ಕೂತು ಕೇಳಲಿಲ್ಲ, ನೀನು ಬಿಸಿಲಲ್ಲಿ ನಿಂತು ಕೇಳಲಿಲ್ಲ. ಅಷ್ಟೇ ತಾನೇ ವ್ಯತ್ಯಾಸ?"

ಮನೆಯ ಬಾಗಿಲಲ್ಲಿ ಬೀನ್ಸ್ ನಾರು ತೆಗೆಯುತ್ತ ಕೂತಿದ್ದ ಅಜ್ಜಿ ತಲೆ ಎತ್ತದೆ ಹೇಳಿದಳು: "ಅವತ್ತು ಅವನು ನೀರು ಕಿತ್ಕೊ ಅಂದಾಗ ಸುಮ್ಮನೆ ಕಿತ್ಕೊಳ್ಳಲ್ಲ ಅಂದಿದ್ರೆ ಸಾಕಿತ್ತು ಕಣಪ್ಪ. ಇಷ್ಟೆಲ್ಲ ಬುದ್ಧಿ ಖರ್ಚಾಗ್ತಿರಲಿಲ್ಲ."

ಮಾರುದ್ದ ಬಾನೆಟ್ಟಿಗೆ ಒರಗಿದ. ಸುಮ್ಮನಿರಲಾರದ ನಾಲಿಗೆ ಮತ್ತೆ ಎದ್ದಿತು. "ಬುಲ್ಡೋಜರ್ ಬಂದ್ರೆ ನಾನು ಅಡ್ಡ ಮಲಗ್ತೀನಿ ಅಕ್ಕಾ. ನನ್ನ ಹೆಣದ ಮೇಲೆ ಹೋಗಲಿ. ಪೇಟೆಯಿಂದ ಸಾವಿರ ಜನ ತರ್ತೀನಿ, ಇಲ್ಲೇ ಟೆಂಟ್ ಹಾಕ್ತೀವಿ."

"ಇಲ್ಲಿ ಅಡ್ಡ ಮಲಗೋಕೆ ನಾವಿದ್ದೀವಿ. ಸಾವಿರ ಜನ ಬಂದ್ರೆ ಅವರಿಗೆ ಕಕ್ಕಸಿಗೆ ಜಾಗ ತೋರಿಸೋದೇ ನಮಗೆ ಕೆಲಸ ಆಗುತ್ತೆ." ಡ್ರೈವರಕ್ಕ ನಕ್ಷೆ ಮಡಚಿದಳು. "ಶುಕ್ರವಾರ ಕಚೇರಿಯಲ್ಲಿ ವಿಚಾರಣೆ. ಒರತೆ, ಇಳಿಜಾರು ಎಲ್ಲ ಖಾಲಿ ಬಿದ್ದಿದೆ, ಯಾರೂ ಬಳಸ್ತಿಲ್ಲ ಅಂತ ಐದು ಜನ ನೆರೆಹೊರೆಯವರು ಹೆಬ್ಬೆಟ್ಟು ಒತ್ತಬೇಕು. ನಾವು ಹೇಳಿದ್ರೆ ನಡೆಯಲ್ಲ. ನಾವು ಹಕ್ಕು ಕೇಳೋರು, ನಮ್ಮ ಮಾತು ಸಾಕ್ಷಿ ಆಗಲ್ವಂತೆ. ನೆರೆಹೊರೆ ಅಂದ್ರೆ ಯಾರು ಗೊತ್ತಾ?"

ಗೊತ್ತಿತ್ತು. ಗುಡ್ಡದ ಬುಡದ ಸಾಲುಮನೆಯಿಂದ ಸಾಹೇಬ ಪಟ್ಟಿ ಮಾಡಿದ ಒಂಬತ್ತು ಜನ. ಹೆಬ್ಬೆಟ್ಟು ಒತ್ತಿದವರಿಗೆಲ್ಲ ಅದೇ ಇಳಿಜಾರಿನಲ್ಲಿ ಮೂವತ್ತು ನಲವತ್ತರ ಸೈಟು ಎಂದು ಸಾಹೇಬ ಹೋದ ತಿಂಗಳೇ ಹೇಳಿದ್ದ.

"ನೀನು ಹತ್ತಿ ಬರಬೇಕಾಗಿದ್ದು ಇಲ್ಲಿಗಲ್ಲ. ನಿನ್ನ ಕೆಲಸ ಇರೋದು ಕೆಳಗೆ, ನಿಮ್ಮ ಸಾಲುಮನೇಲಿ. ಅಲ್ಲಿ ಹೋಗಿ ಬಡ್ಕೋ ನಿನ್ನ ಬಾಯಿ. ಇನ್ನೊಂದು ಮಾತು. ಶುಕ್ರವಾರ ನಮ್ಮ ಪರವಾಗಿ ಭಾಷಣ ಬಿಗೀಬೇಡ. ನಮಗೆ ಬಾಯಿದೆ. ನೀನು ಮಾಡಿದ್ದು ನೀನು ಹೇಳು."

"ಹೇಳಿದ್ರೆ ಕೆಲಸ ಹೋಗುತ್ತೆ ಅಕ್ಕಾ. ಕೇಸೂ ಹಾಕಬಹುದು."

"ಹೂಂ," ಎಂದಳು ಡ್ರೈವರಕ್ಕ. ಮತ್ತೆ ವ್ಯಾನಿನ ಕೆಳಗೆ ಜಾರಿದಳು.

ಸಾಲುಮನೆ ಎಂದರೆ ಒಂದೇ ತಗಡಿನ ಕೆಳಗೆ ಏಳು ಸಂಸಾರ. ಗೋಡೆ ಎಷ್ಟು ತೆಳುವೆಂದರೆ ಒಂದು ಮನೆಯಲ್ಲಿ ಕನಸು ಬಿದ್ದರೆ ಪಕ್ಕದ ಮನೆಯವನು ಎದ್ದು ಕೂರುತ್ತಿದ್ದ. ಮಾರುದ್ದನ ಹೆಂಡತಿ ಗಾರೆ ಕೆಲಸದವಳು. ಊರಿನವರ ಮನೆಗಳಿಗೆಲ್ಲ ಸಿಮೆಂಟು ಹೊತ್ತು ಹೊತ್ತು ಅವಳ ನೆತ್ತಿ ಮಟ್ಟಸವಾಗಿತ್ತು. ಸೈಟಿನ ಮಾತು ಬಂದ ದಿನದಿಂದ ಅವಳು ಮನೆಯ ಮುಂದಿನ ಬಯಲಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಒಂದು ಮನೆಯನ್ನೇ ಬರೆದಿದ್ದಳು. ಅಡುಗೆಮನೆ, ನಡುಮನೆ, ಬಚ್ಚಲು. ಗಾಳಿಗೆ ಅಳಿಸಿದಾಗಲೆಲ್ಲ ತಿದ್ದುತ್ತಿದ್ದಳು. ಅವಳ ತಾಯಿ, ಅಂದರೆ ಮಾರುದ್ದನ ಅತ್ತೆ, ತನ್ನ ಚಾಪೆಯನ್ನು ಒಯ್ದು ಸುಣ್ಣದ ಗೆರೆಯ ಒಂದು ಮೂಲೆಯಲ್ಲಿ ಹಾಸಿಕೊಂಡು, "ನನ್ನ ಕೋಣೆ" ಎನ್ನುತ್ತಿದ್ದಳು. ಯಾರಾದರೂ ಗೆರೆ ದಾಟಿ ಒಳಗೆ ಬಂದರೆ, "ಬಾಗಿಲು ಆ ಕಡೆ ಇದೆ, ಕಣ್ಣು ಕಾಣಲ್ವಾ" ಎಂದು ಬೈಯುತ್ತಿದ್ದಳು.

ಮಾರುದ್ದ ಗೆರೆಯ ಹೊರಗೆ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಒಂದನ್ನೂ ಎರಡು ಮಾಡದೆ ಹೇಳಿದ. ಅದಕ್ಕೇ ಹೆಂಡತಿಗೆ ಗಾಬರಿಯಾಯಿತು.

"ಜ್ವರ ಬಂದಿದೆಯಾ ನಿನಗೆ?"

"ಹೆಬ್ಬೆಟ್ಟು ಒತ್ತಬಾರದು ಕಣೇ."

ಅತ್ತೆ ಚಾಪೆಯಿಂದ ಎದ್ದಳು. ಅವಳು ಏಳುವುದೆಂದರೆ ಬಂಡೆ ಉರುಳುವುದಕ್ಕೆ ಮೊದಲು ಆಗುವ ಸದ್ದು. "ಥೂ ನಿನ್ನ ಬಾಯಿಗೆ ಮಣ್ಣಾಕ. ಎಪ್ಪತ್ತು ವರ್ಷ ತಗಡಿನ ಕೆಳಗೆ ಬೆಂದಿದ್ದೀನಿ. ಸಾಯೋ ಹೊತ್ತಿಗಾದ್ರೂ ಗೋಡೆ ಕಡೆ ಮುಖ ಹಾಕಿ ಮಲಗೋಣ ಅಂದ್ರೆ, ಇವನಿಗೆ ಗುಡ್ಡದವರ ಮೇಲೆ ಪ್ರೀತಿ ಉಕ್ಕಿ ಬಂತು. ಕೆಟ್ಟ ಗೂಟ ನೀನು ಹೊಡೆಯೋದು, ಮನೆ ನಾವು ಕಳ್ಕೊಳ್ಳೋದಾ?"

"ಆ ಮನೆ ನಮ್ಮದಲ್ಲ ಅತ್ತೆ."

"ನಮ್ಮದು ಅನ್ನೋದು ಯಾವುದಿದೆಯೋ ಈ ಭೂಮಿ ಮೇಲೆ, ತೋರಿಸು ನೋಡೋಣ. ಅಳೆಯೋನಲ್ವಾ ನೀನು, ಅಳೆದು ತೋರಿಸು."

ಹೆಂಡತಿ ಸುಣ್ಣದ ಅಡುಗೆಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದಳು: "ನೀರು ಎಲ್ಲಿಂದ ತರೋದು ಅಲ್ಲಿ?"

"ಒರತೆಯಿಂದ. ಇನ್ನೆಲ್ಲಿದೆ?"

"ಆ ಡ್ರೈವರಕ್ಕ ಕಳೆದ ವರ್ಷ ನಾನು ಬಿದ್ದು ಸೊಂಟ ಮುರ್ಕೊಂಡಾಗ ವ್ಯಾನಲ್ಲಿ ಆಸ್ಪತ್ರೆಗೆ ಒಯ್ದಿದ್ಲು. ದಿನಾ ಬೆಳಗಾದ್ರೆ ಅವಳ ಮನೆ ಮುಂದೆ ಕೊಡ ಹಿಡ್ಕೊಂಡು ಹೋಗಬೇಕಲ್ಲ. ಅವಳು ನೋಡ್ತಿರ್ತಾಳೆ." ಅವಳು ಸುಣ್ಣದ ಪುಡಿಯನ್ನು ಬೆರಳಲ್ಲಿ ತಿಕ್ಕಿದಳು. "ಗೋಡೆ ಇದ್ದು ಏನು ಮಾಡೋದು, ಮುಖ ಎತ್ತಿ ಹೊರಗೆ ಬರೋಕೆ ಆಗದ ಮೇಲೆ."

"ನೀನೂ ಸೇರ್ಕೊಂಡ್ಯಾ ಇವನ ಜೊತೆ," ಎಂದಳು ಅತ್ತೆ. ಚಾಪೆಯನ್ನು ಜಾಡಿಸಿ, ಅದೇ ಮೂಲೆಯಲ್ಲಿ, ಅದೇ ಗೆರೆಯೊಳಗೆ ಹಾಸಿ, ಇಬ್ಬರಿಗೂ ಬೆನ್ನು ಹಾಕಿ ಮಲಗಿದಳು.

ನಾಲ್ಕು ದಿನ ಮಾರುದ್ದ ಮನೆ ಮನೆ ಹೊಕ್ಕ. ಒಬ್ಬ ಬಾಗಿಲು ಹಾಕಿಕೊಂಡ. ಒಬ್ಬ ಪೊರಕೆ ತೋರಿಸಿದ. ಗಡಾರಿ ಹಿಡಿಯುವ ಆಳು, ಎಲ್ಲರ ಬಾಯಲ್ಲಿ ಗಡಾರಿ ತಮ್ಮ, ಎಲ್ಲ ಕೇಳಿ, "ನೀನು ಸುಳ್ಳು ಹೇಳುವಾಗ ನಂಬೋಕೆ ಸುಲಭ ಇತ್ತು ಕಣಣ್ಣ, ನಿಜ ಹೇಳಿ ಯಾಕೆ ಹೊಟ್ಟೆ ಉರಿಸ್ತೀಯ" ಎಂದ.

ಶುಕ್ರವಾರ ಹನ್ನೊಂದು ಗಂಟೆಗೆ ಕಚೇರಿಯ ಹಜಾರ ತುಂಬಿತ್ತು. ಒಂದು ಬದಿಗೆ ಗುಡ್ಡದವರು ನಿಂತಿದ್ದರು. ಇನ್ನೊಂದು ಬದಿಗೆ ಬೆಂಚು. ಅದರ ಮೇಲೆ ಸಾಲುಮನೆಯ ಒಂಬತ್ತು ಜನರನ್ನು ಕೂರಿಸಿ, ಅವರ ಜನ್ಮದಲ್ಲೇ ಮೊದಲ ಸಲ ಆ ಕಚೇರಿಯ ಚಹಾ ಕೊಟ್ಟಿದ್ದರು. ಸಾಹೇಬ ಬಿಳಿ ಅಂಗಿ ತೊಟ್ಟು ಮೇಜಿನ ಹಿಂದೆ ಕೂತಿದ್ದ.

ಗುಡ್ಡದ ಅಜ್ಜಿ ಮುಂದೆ ಬಂದಳು. "ಆ ನೀರು ನಮ್ಮದು. ಆ ಇಳಿಜಾರಲ್ಲಿ ನಮ್ಮ..."

"ನಿನ್ನ ಹೇಳಿಕೆ ಬೇಡ. ನೀನು ಹಕ್ಕುದಾರಳು. ಇದು ನೆರೆಹೊರೆಯ ಗೌರವಸ್ಥರ ಸಾಕ್ಷಿ. ಹಿಂದೆ ಹೋಗು."

ಗೌರವಸ್ಥರು ಚಹಾ ಲೋಟ ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಗುಮಾಸ್ತ ಮೊದಲ ಹೆಸರು ಕೂಗಿದ. ಮಾರುದ್ದ ಎದ್ದ. ಹಜಾರದಲ್ಲಿ ಇದ್ದವರೆಲ್ಲ ಗೋಡೆಗೆ ಒರಗಿ ಸರಿಯಾಗಿ ನಿಂತರು. ಅವನು ಶುರು ಮಾಡಿದರೆ ಸಂಜೆಯೊಳಗೆ ಮುಗಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ನನ್ನ ಮಾತು ಸಾಕ್ಷಿ ಆಗುತ್ತಲ್ವಾ ಸಾರ್?"

"ಆಗುತ್ತೆ, ಆಗುತ್ತೆ. ಒತ್ತು."

"ಒರತೆ ಹತ್ರ ಗೂಟ ತಪ್ಪು ಜಾಗಕ್ಕೆ ಹೊಡೆದೋನು ನಾನು. ನಲವತ್ತು ಹೆಜ್ಜೆ. ಬರ್ಕೊಳ್ಳಿ. ಮಿಕ್ಕಿದ್ದು ಅಜ್ಜಿಯನ್ನ ಕೇಳಿ."

ಕೂತ. ಅಷ್ಟೇ. ಗುಮಾಸ್ತನ ಪೆನ್ನು ಮುಂದಿನ ಮಾತಿಗೆ ಕಾಯುತ್ತ ಗಾಳಿಯಲ್ಲೇ ನಿಂತಿತ್ತು.

"ಕುಡಿದು ಬಂದಿದ್ದೀಯೇನೋ ಸೂಳೆಮಗನೇ," ಎಂದ ಸಾಹೇಬ. "ಇವನದ್ದು ಬಿಡ್ರಿ. ಮುಂದೆ."

ಮಾರುದ್ದನ ಹೆಂಡತಿ ಎದ್ದಳು. "ಅಜ್ಜಿಯನ್ನ ಕೇಳಿ ಸಾರ್."

ಸಾಹೇಬನ ಮುಖ ಕೆಂಪಾಯಿತು. ಆಮೇಲಿನ ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಹೋಗಿ ಒತ್ತಿದರು. ಯಾರ ಮುಖವನ್ನೂ ನೋಡಲಿಲ್ಲ. ಅವರಲ್ಲಿ ಒಬ್ಬ, ಮಗಳು ತುಂಬಿದ ಬಸುರಿಯಾಗಿ ತಗಡಿನ ಕೆಳಗೆ ಮಲಗಿದ್ದವನು, ಹೆಬ್ಬೆಟ್ಟನ್ನು ಲುಂಗಿಗೆ ಒರೆಸಿದ, ಮತ್ತೆ ಒರೆಸಿದ, ಬೆಂಚಿಗೆ ಬಂದು ಕೂತ ಮೇಲೂ ಒರೆಸುತ್ತಲೇ ಇದ್ದ. ಗುಡ್ಡದವರಲ್ಲಿ ಯಾರೋ ಏನೋ ಅನ್ನಲು ಹೋದರು. ಡ್ರೈವರಕ್ಕ ಕೈ ಹಿಡಿದು ತಡೆದಳು.

ನಾಲ್ಕಾಯಿತು. ಬೇಕಾದದ್ದು ಐದು.

ಗಡಾರಿ ತಮ್ಮ ಎದ್ದು ಮೇಜಿನವರೆಗೆ ಹೋದ, ಶಾಯಿ ಪ್ಯಾಡನ್ನು ನೋಡಿದ, ಚಹಾ ಲೋಟವನ್ನು ಅದರ ಪಕ್ಕದಲ್ಲಿಟ್ಟ. "ಚಹಾ ಚೆನ್ನಾಗಿತ್ತು. ಅಜ್ಜಿಯನ್ನ ಕೇಳಿ." ಅವನ ನಂತರ ಕಿವುಡಣ್ಣ. ಮೂರು ಮನೆಯಾಚೆ ಪಾತ್ರೆಯ ಮುಚ್ಚಳ ತೆಗೆದದ್ದು ಕೇಳಿಸುವ ಕಿವಿ ಅವನದು. ಅಂಥವನು ಆ ದಿನ ಸಾಹೇಬ ಮೇಜು ಗುದ್ದಿ ಏಳು ಸಲ ಕಿರುಚಿದರೂ, "ಆಂ? ಏನಂದ್ರಿ? ಯಾರು?" ಎನ್ನುತ್ತ, ಕಡೆಗೆ ಗುಡ್ಡದ ಅಜ್ಜಿಯ ಕಡೆ ಕೈ ತೋರಿಸಿ ಬಂದು ಕೂತ.

ಉಳಿದದ್ದು ಅತ್ತೆ.

ಅವಳನ್ನು ನೋಡಿದ್ದೇ ಸಾಹೇಬನ ಮುಖ ಸಡಿಲವಾಯಿತು. ಸುಣ್ಣದ ಗೆರೆಯೊಳಗೆ ಚಾಪೆ ಹಾಸಿ ಮಲಗುವವಳ ಸುದ್ದಿ ಅವನಿಗೂ ತಲುಪಿತ್ತು. ಇಪ್ಪತ್ತೆರಡು ವರ್ಷದಲ್ಲಿ ಕಾಣದ ಅದ್ಭುತವೊಂದು ನಡೆಯಿತು. ಸಾಹೇಬ ಎದ್ದು ನಿಂತ. ಮೇಜು ಸುತ್ತಿ ಬಂದು ಅವಳ ಕೈ ಹಿಡಿದ.

"ಬಾ ತಾಯಿ. ಇವರ ಮಾತು ಕೇಳಬೇಡ. ನಿನಗೆ ಮೂಲೆ ಸೈಟೇ ಕೊಡಿಸ್ತೀನಿ. ಗಾಳಿ ಬೆಳಕು ಎಲ್ಲ ಇದೆ."

ಅವಳ ಹೆಬ್ಬೆರಳನ್ನು ತಾನೇ ಹಿಡಿದು ಶಾಯಿಗೆ ಒತ್ತಿದ. ಮಾರುದ್ದ ಬಾಯಿ ತೆರೆದ. ಹೆಂಡತಿ ಅವನ ಕಾಲನ್ನು ಬಲವಾಗಿ ತುಳಿದಳು. ಅವನು ಮುಚ್ಚಿಕೊಂಡ.

"ನನಗೆ ಮನೆ ಬೇಕು," ಎಂದಳು ಅತ್ತೆ.

"ಅದಕ್ಕೇ ಅಲ್ವಾ ತಾಯಿ. ಇಲ್ಲಿ, ಈ ಖಾನೆಯಲ್ಲಿ."

"ಎಪ್ಪತ್ತು ವರ್ಷ ಆಯ್ತು. ತಗಡಿನ ಶಾಖಕ್ಕೆ ನನ್ನ ಎರಡು ಮಕ್ಕಳು ಹೋದ್ರು. ಮನೆ ಬೇಕು ನನಗೆ."

"ಒತ್ತು ಮತ್ತೆ."

ಅತ್ತೆ ತಿರುಗಿ ಗುಡ್ಡದ ಅಜ್ಜಿಯನ್ನು ನೋಡಿದಳು. ಅಜ್ಜಿಯೂ ನೋಡಿದಳು. ಇಬ್ಬರೂ ನಗಲಿಲ್ಲ, ಕರಗಲಿಲ್ಲ. ಸಂತೆಯಲ್ಲಿ ಒಂದೇ ರಾಶಿಗೆ ಕೈ ಹಾಕಿದ ಇಬ್ಬರು ಹೆಂಗಸರು ನೋಡಿಕೊಳ್ಳುವ ಹಾಗೆ ನೋಡಿಕೊಂಡರು.

"ಮನೆ ಬೇಕು ಅಂದೆ ಸಾಹೇಬ. ಇವಳದ್ದು ಕಿತ್ತು ಕೊಡು ಅನ್ನಲಿಲ್ಲ. ನಿನ್ನ ಕಚೇರಿಗೆ ಇಷ್ಟು ದೊಡ್ಡ ಅಂಗಳ ಇದೆಯಲ್ಲ. ಕಂಪನಿಯವನ ಬಂಗಲೆ ಹಿಂದೆ ಕುದುರೆ ಓಡಿಸೋ ಬಯಲಿದೆಯಲ್ಲ. ಅದನ್ನ ಯಾಕೆ ಖಾಲಿ ಅಂತ ಬರೆಯಲ್ಲ ನೀನು?"

ಸಾಹೇಬ ಅವಳ ಹೆಬ್ಬೆರಳನ್ನು ಕಾಗದದ ಕಡೆಗೆ ಎಳೆದ. ಅತ್ತೆಯ ಕೈ ಕದಲಲಿಲ್ಲ. ಐವತ್ತು ವರ್ಷ ಕಲ್ಲು ಎತ್ತಿದ ಕೈ ಅದು. ಸಾಹೇಬ ಎರಡೂ ಕೈ ಹಾಕಿದ, ಕಾಲು ಊರಿ ಜಗ್ಗಿದ. ಗುಮಾಸ್ತ ಸಾಹೇಬನ ಸೊಂಟ ಹಿಡಿದುಕೊಂಡ. ಇಡೀ ಇಲಾಖೆಯೇ ಒಬ್ಬರ ಹಿಂದೊಬ್ಬರು ಸೇರಿಕೊಂಡಿದ್ದರೂ ಆ ಹೆಬ್ಬೆರಳು ಕೂದಲೆಳೆಯಷ್ಟೂ ಸರಿಯುತ್ತಿರಲಿಲ್ಲ. ಸಾಹೇಬ ಏದುಸಿರು ಬಿಡುತ್ತ ಕೈ ಸಡಿಲಿಸಿದ ಕೂಡಲೇ ಅವಳು ಅವನ ಅಂಗಿಯ ಬಿಳಿ ಎದೆಯ ಮೇಲೆ ಹೆಬ್ಬೆರಳನ್ನು ಊರಿ, ಒಂದು ಸುತ್ತು ತಿರುಗಿಸಿ, ಚೆನ್ನಾಗಿ ಒತ್ತಿದಳು.

"ತಗೋ. ಇದು ಖಾಲಿ ಇದೆ. ನಾನೇ ಸಾಕ್ಷಿ."

ಗುಮಾಸ್ತ ಸಾಹೇಬನ ಸೊಂಟ ಬಿಟ್ಟು ಹಿಂದೆ ಸರಿದ.

ಆಮೇಲೆ ಬೈಗುಳ ಬಂತು. ಅದನ್ನು ಬರೆದರೆ ಕಾಗದ ಸುಡುತ್ತದೆ. ಒಂಬತ್ತು ಜನರಲ್ಲಿ ಒತ್ತದವರು ಐದು, ಅವರಲ್ಲಿ ಇಲಾಖೆಯ ಆಳುಗಳಾಗಿದ್ದವರ ಕೆಲಸ ಆ ಕ್ಷಣಕ್ಕೇ ಹೋಯಿತು. ಸಂಜೆಯೊಳಗೆ ಐವರೂ ಸಾಲುಮನೆ ಬಿಡಬೇಕು ಎಂದಾಯಿತು. ಮಾರುದ್ದನ ಮೇಲೆ ಸರ್ಕಾರಿ ಗೂಟ ಕದಲಿಸಿದ ಕೇಸು ಎಂದಾಯಿತು. ಸಾಹೇಬ ಫೋನಿನಲ್ಲಿ ನದಿಯಾಚೆಯ ಕೂಲಿ ಕ್ಯಾಂಪಿನವರಿಗೆ ಕೂಗಿ ಹೇಳಿದ: "ಒಂದು ಲಾರಿ ಆಳು ಕಳಿಸ್ರಿ. ಈಗಲೇ. ಹೆಬ್ಬೆಟ್ಟು ಇದ್ರೆ ಸಾಕು, ತಲೆ ಬೇಡ."

ಹೊರಗೆ ಮೆಟ್ಟಿಲ ಬಳಿ ಡ್ರೈವರಕ್ಕ ಮಾರುದ್ದನ ಪಕ್ಕದಲ್ಲಿ ಒಂದು ಗಳಿಗೆ ನಿಂತಳು. ಅವನು ಹೊಗಳಿಕೆಗೆ ಕಿವಿ ನಿಗುರಿಸಿದ.

"ಒರತೆಯ ಈಚೆ ಇನ್ನೂ ಆ ಗೂಟ ಹಾಗೇ ಇದೆ," ಎಂದಳು. "ನಾಡಿದ್ದು ನಮ್ಮ ಕೂಟ ಸೇರುತ್ತೆ. ಕೀಳೋದಾ ಬೇಡ್ವಾ ಅಂತ ಹೇಳ್ತೀವಿ. ಅಲ್ಲಿವರೆಗೆ ಮುಟ್ಟಬೇಡ."

"ಹೂಂ ಅಕ್ಕಾ."

ಗೇಟಿನಾಚೆ ಧೂಳೆದ್ದಿತು. ನದಿಯಾಚೆಯ ಲಾರಿ ಬಂದು ನಿಂತಿತು. ಹಿಂದೆ ಇಪ್ಪತ್ತು ಮೂವತ್ತು ಜನ, ಗುದ್ದಲಿ ಹಿಡಿದವರು, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡವರು, ಎಲ್ಲಿಗೆ ಬಂದಿದ್ದೇವೆಂದು ಗೊತ್ತಿಲ್ಲದೆ ಇಣುಕುತ್ತಿದ್ದರು. ಗುಮಾಸ್ತ ಶಾಯಿ ಪ್ಯಾಡು ಹಿಡಿದುಕೊಂಡು ಮೆಟ್ಟಿಲಿಳಿದು ಓಡಿ ಬಂದ.

ಅವನಿಗಿಂತ ಮೊದಲು ಅತ್ತೆ ಲಾರಿಯ ಹಿಂಬಾಗಿಲಿಗೆ ತಲುಪಿದ್ದಳು. ಎರಡೂ ಕೈಯಿಂದ ಹಲಗೆ ಹಿಡಿದು, ಯಾರೂ ಇಳಿಯದ ಹಾಗೆ ಅಡ್ಡ ನಿಂತು, ಮೇಲೆ ನೋಡಿದಳು. ಮಾರುದ್ದ, ಅವನ ಹೆಂಡತಿ, ಗಡಾರಿ ತಮ್ಮ, ಕಿವುಡಣ್ಣ ಅವಳ ಹಿಂದೆ ಬಂದು ನಿಂತರು.

"ಇಳಿಯೋಕೆ ಮೊದಲು ಒಂದು ಮಾತು ಹೇಳಿ," ಎಂದಳು ಅತ್ತೆ. "ನಿಮಗೂ ಮನೆ ಕೊಡ್ತೀನಿ ಅಂದ್ನಾ?"